ಬಾಸ್ ಮೀನಿನ ಸಲಕರಣೆ ನಮ್ಮ ಭೀಮಾ ಹಿನ್ನೀರಿಗೆ ಒಗ್ಗುತ್ತದೆಯೇ? ರೀಲು, ದಾರ, ದೋಣಿ ಕುರಿತು ಸಲಹೆ ಬೇಕು

ಅಫಜಲಪುರದ ಹೊಸಬ:
ಎಲ್ಲರಿಗೂ ಶರಣು. ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ನೋಡುತ್ತ ನೋಡುತ್ತ ನನಗೂ ರಾಡು, ರೀಲು ಕೊಳ್ಳುವ ಹುಚ್ಚು ಹತ್ತಿದೆ. ಇಲ್ಲಿಯವರೆಗೆ ಬಿದಿರಿನ ಕೋಲು, ತಂಗೂಸು ದಾರ, ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿದ ಉಂಡೆ, ಇಷ್ಟರಲ್ಲೇ ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ ರೋಹು ಮತ್ತು ಜಿಲೇಬಿ ಮೀನು ಹಿಡಿದುಕೊಂಡು ಬಂದವನು ನಾನು. ಈಗ ರಬ್ಬರ್ ಕಪ್ಪೆಯಂತಹ ಕೃತಕ ಎರೆಯಿಂದ ಕೊರಮೀನು ಹಿಡಿಯಬೇಕೆಂಬ ಆಸೆಯಿದೆ. ನನ್ನ ಪ್ರಶ್ನೆಗಳು ಮೂರು. ಎಸೆದಾಗ ದಾರದ ಉರುಳೆಯೇ (ಸ್ಪೂಲು) ತಿರುಗುವ ಬೇಟ್‌ಕಾಸ್ಟಿಂಗ್ ರೀಲು ಕೊಳ್ಳಬೇಕೇ, ಸ್ಪೂಲು ನಿಂತೇ ಇದ್ದು ದಾರ ಮಾತ್ರ ಬಿಚ್ಚಿಕೊಳ್ಳುವ ಸ್ಪಿನ್ನಿಂಗ್ ರೀಲು ಕೊಳ್ಳಬೇಕೇ? ದಾರ ಯಾವುದು, ಎಷ್ಟು ಪೌಂಡಿನದು? ನಾವು ಮೂವರು ಗೆಳೆಯರು ಸೇರಿ ಒಂದು ಸಣ್ಣ ಫೈಬರ್ ದೋಣಿ, ಬ್ಯಾಟರಿಯ ಮೋಟಾರು ಮತ್ತು ಮೀನು ತೋರಿಸುವ ಸೋನಾರ್ ಯಂತ್ರ ಕೊಳ್ಳಬೇಕೆಂದಿದ್ದೇವೆ, ಅದು ಜಾಣತನವೇ?

ಭೀಮಾ ದಂಡೆ:
ತಮ್ಮಾ, ಸಲಕರಣೆಯ ಮಾತಿಗಿಂತ ಮೊದಲು ಮೀನಿನ ಮಾತು ಆಗಲಿ. ವಿಡಿಯೊದಲ್ಲಿ ಕಾಣುವ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಅದು ಕಿವಿರಿನಿಂದಷ್ಟೇ ಉಸಿರಾಡುತ್ತದೆ, ಆದ್ದರಿಂದ ಬಿಸಿಲೇರಿದ ಹಾಗೆ ತಂಪು ಮತ್ತು ಆಮ್ಲಜನಕ ಇರುವ ಆಳಕ್ಕೋ ನೆರಳಿಗೋ ಸರಿಯುತ್ತದೆ. ನಮ್ಮ ಕೊರಮೀನು ಹಾಗಲ್ಲ. ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರು ಇಳಿದು, ನೀರು ಬೆಚ್ಚಗಾಗಿ ಬೇರೆ ಮೀನುಗಳು ಮಂಕಾದಾಗಲೂ ಅದು ಮೊಣಕಾಲುದ್ದದ ಜೊಂಡಿನ ನಡುವೆ ಇರುತ್ತದೆ. ಆ ಗಾಳಿ ಗುಟುಕರಿಸುವ ಸದ್ದನ್ನು ಕೇಳಿಸಿಕೊಳ್ಳಲು ಕಲಿಯಿರಿ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ದಂಡೆಯ ಮೇಲೆ ಸುಮ್ಮನೆ ನಿಂತರೆ ಮೀನು ಎಲ್ಲಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಸೋನಾರ್ ಯಂತ್ರದ ಹಣ ಅಲ್ಲಿಗೇ ಉಳಿಯಿತು.

ಬಾಸ್ ಹಿಡಿಯುವವರ ಸಾಮಾನಿನಲ್ಲಿ ನಮಗೆ ನೇರವಾಗಿ ಒದಗುವುದು ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ, ಜೊಂಡಿಗೆ ಸಿಕ್ಕದಂತೆ ಗಾಳದ ಮೊನೆಯನ್ನು ಮೃದು ರಬ್ಬರಿನೊಳಗೆ ಹುದುಗಿಸುವ ಟೆಕ್ಸಾಸ್ ರಿಗ್, ಮತ್ತು ಕದಡಿದ ನೀರಿನಲ್ಲಿ ತಗಡಿನ ಎಲೆ ತಿರುಗಿ ಅದುರುವ ಸ್ಪಿನ್ನರ್‌ಬೈಟ್. ಆಳದ ಸ್ವಚ್ಛ ನೀರಿಗೆಂದು ಹುಟ್ಟಿದ ಉಳಿದ ಅರ್ಧ ಅಂಗಡಿ ನಮಗೆ ಬೇಡ.

ಕಾರಂಜಾ ಕಾಕಾ:
ಕಪ್ಪೆ ಎಸೆಯುವುದಾದರೆ ಬೇಟ್‌ಕಾಸ್ಟಿಂಗ್ ರೀಲನ್ನೇ ಕೊಳ್ಳಿರಿ, ಎರಡನೆಯ ಮಾತೇ ಬೇಡ. ಏಳು ಅಡಿಯ ಮೀಡಿಯಂ ಹೆವಿ (ಸಾಧಾರಣಕ್ಕಿಂತ ಗಟ್ಟಿ) ರಾಡು, 7:1ರ ಆಸುಪಾಸಿನ ಗೇರಿನ ರೀಲು, 50 ಪೌಂಡಿನ ಬ್ರೇಡ್ ದಾರ. ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲು ಏಳು ಸುತ್ತು ತಿರುಗುತ್ತದೆ, ಸಡಿಲವಾದ ದಾರ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಗಿಯಾಗುತ್ತದೆ. ಕೊರಮೀನು ಗಾಳ ನುಂಗಿದ ಮೇಲೆ ಜೊಂಡಿನ ಬುಡಕ್ಕೆ ನುಗ್ಗಲು ಅದಕ್ಕೆ ಅವಕಾಶ ಕೊಡಬಾರದು. ಆ ಬಲ ಸ್ಪಿನ್ನಿಂಗ್ ರೀಲಿಗೆ ಇಲ್ಲ.

ತೊಗರಿ ಕಣಜ:
ಕಾಕಾ ಅವರೇ, ನಿಮ್ಮ ಅನುಭವದ ಮೇಲೆ ಗೌರವವಿದೆ, ಆದರೆ ಹೊಸಬರ ಕೈಗೆ ಮೊದಲ ದಿನವೇ ಬೇಟ್‌ಕಾಸ್ಟಿಂಗ್ ಕೊಟ್ಟರೆ ಅವರು ಮೀನು ಹಿಡಿಯುವುದನ್ನು ಬಿಟ್ಟು ಇಡೀ ಸಂಜೆ ದಾರದ ಗೋಜಲನ್ನೇ ಬಿಡಿಸುತ್ತ ಕೂರುತ್ತಾರೆ. ಎಸೆದ ಎರೆ ನಿಧಾನವಾದರೂ ಸ್ಪೂಲು ಅದೇ ವೇಗದಲ್ಲಿ ತಿರುಗುತ್ತಲೇ ಇರುವುದರಿಂದ ಈ ಗೋಜಲು ಹುಟ್ಟುತ್ತದೆ. ಎದುರುಗಾಳಿ ಇದ್ದರಂತೂ ಕೇಳುವುದೇ ಬೇಡ, ಮತ್ತು ನಮ್ಮ ಬಯಲಿನ ಕೆರೆಗಳಲ್ಲಿ ಗಾಳಿ ಇಲ್ಲದ ಸಂಜೆ ಯಾವುದಿದೆ? 4000 ಅಳತೆಯ ಸ್ಪಿನ್ನಿಂಗ್ ರೀಲು, 30 ಪೌಂಡಿನ ಬ್ರೇಡ್ ಸಾಕು. ಎರಡು, ಮೂರು ಕಿಲೊ ತೂಗುವ ಕೊರಮೀನನ್ನು ಅದರಲ್ಲೇ ದಂಡೆಗೆ ಎಳೆದವರು ಈ ಗುಂಪಿನಲ್ಲಿ ಬೇಕಾದಷ್ಟು ಜನರಿದ್ದಾರೆ.

ಕಾರಂಜಾ ಕಾಕಾ:
ಗೋಜಲು ಬೀಳುವುದು ರೀಲಿನ ದೋಷವಲ್ಲ, ಬ್ರೇಕು ಹೊಂದಿಸದವರ ದೋಷ. ಎರೆಯನ್ನು ಕಟ್ಟಿ ರಾಡು ಮುಂದಕ್ಕೆ ಚಾಚಿ ಗುಂಡಿ ಒತ್ತಿರಿ. ಎರೆ ಮೆಲ್ಲಗೆ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲು ನಿಲ್ಲುವಂತೆ ಪಕ್ಕದ ತಿರುಗಣೆಯನ್ನು ಬಿಗಿ ಮಾಡಿರಿ. ಮ್ಯಾಗ್ನೆಟ್ ಬ್ರೇಕನ್ನು ಮೊದಲು ಪೂರ್ತಿ ಏರಿಸಿಟ್ಟು, ಹೆಬ್ಬೆರಳಿಗೆ ರೂಢಿಯಾದಂತೆ ಇಳಿಸುತ್ತ ಬನ್ನಿರಿ. ಮನೆಯ ಅಂಗಳದಲ್ಲಿ ಗಾಳವಿಲ್ಲದ ಗುಂಡು ಕಟ್ಟಿಕೊಂಡು ಎಸೆಯುವುದನ್ನು ಕಲಿತು, ಆಮೇಲೆ ನೀರಿಗೆ ಹೋಗಿರಿ. ಕಲಿಯುವ ಮನಸ್ಸಿಲ್ಲದವರಿಗೆ ಮಾತ್ರ ಸ್ಪಿನ್ನಿಂಗ್.

ತೊಗರಿ ಕಣಜ:
ಏಳು ಗ್ರಾಮಿಗಿಂತ ಹಗುರವಾದ ಎರೆಯನ್ನು ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ದೂರ ಎಸೆದು ತೋರಿಸಿರಿ, ಆಮೇಲೆ ಕಲಿಯುವ ಮನಸ್ಸಿನ ಬಗ್ಗೆ ಮಾತಾಡೋಣ.

ವೇದಿಕೆ ನಿರ್ವಾಹಕ:
ಇಬ್ಬರೂ ಹಿರಿಯರು ದಯವಿಟ್ಟು ವಿಷಯಕ್ಕೆ ಸೀಮಿತವಾಗಿರಿ. ಕೇಳಿದವರು ದಾರದ ಬಗ್ಗೆಯೂ ಕೇಳಿದ್ದಾರೆ.

ಸಗರನಾಡು ಗಾಳ:
ದಾರದ ಬಗ್ಗೆ ನಾನು ಹೇಳುತ್ತೇನೆ. ಬ್ರೇಡ್ ಎಂದರೆ ಹಲವು ಎಳೆಗಳನ್ನು ಹೆಣೆದ ದಾರ, ಅದು ಹಿಗ್ಗುವುದಿಲ್ಲ. 50 ಪೌಂಡಿನ ಬ್ರೇಡ್ ಸುಮಾರು 12 ಪೌಂಡಿನ ತಂಗೂಸಿನಷ್ಟೇ ದಪ್ಪವಿರುತ್ತದೆ, ಆದರೆ ಇಪ್ಪತ್ತೆರಡು ಕಿಲೊಗಿಂತ ಹೆಚ್ಚು ಎಳೆತ ತಾಳುತ್ತದೆ. ಜೊಂಡಿನ ದಂಟನ್ನು ಕೊಯ್ದುಕೊಂಡೇ ಬರುತ್ತದೆ. ತಂಗೂಸು ಹಿಗ್ಗುವುದರಿಂದ ದೂರದಲ್ಲಿ ನೀವು ಜಗ್ಗಿದ ಬಲ ಗಾಳದ ಮೊನೆ ತಲುಪುವಷ್ಟರಲ್ಲಿ ಕುಗ್ಗಿರುತ್ತದೆ, ಮತ್ತು ಕೊರಮೀನಿನ ದವಡೆಯ ಎಲುಬು ಗಟ್ಟಿ. ಆದ್ದರಿಂದ ಜೊಂಡಿನಲ್ಲಿ ಬ್ರೇಡ್, ರೋಹು ಮತ್ತು ಕಟ್ಲಾಗೆ ಹಿಟ್ಟಿನ ಉಂಡೆ ಹಾಕುವಾಗ ತಂಗೂಸು. ಕಾರ್ಪ್ ಜಾತಿಯ ಮೀನಿನ ತುಟಿ ಮೃದುವಾಗಿರುವುದರಿಂದ ಅಲ್ಲಿ ಆ ಹಿಗ್ಗುವ ಗುಣವೇ ನಮ್ಮನ್ನು ಕಾಯುತ್ತದೆ.

ಇನ್ನು ಗಂಟು. ತಂಗೂಸಿಗೆ ಹಾಕುವ ಸುತ್ತು ಗಂಟನ್ನೇ ಬ್ರೇಡಿಗೆ ಹಾಕಿದರೆ ಅದು ಜಾರಿ ಬಿಚ್ಚಿಕೊಳ್ಳುತ್ತದೆ. ದಾರವನ್ನು ಜೋಡಿ ಮಡಿಸಿ ಗಾಳದ ಕಿವಿಯಲ್ಲಿ ತೂರಿಸಿ ಕಟ್ಟುವ ಪಾಲೋಮರ್ ಗಂಟನ್ನು ಕಲಿಯಿರಿ, ಮತ್ತು ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಿರಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಡುವ ಬಿಗಿ, ದಾರದ ತಾಳಿಕೆಯ ಕಾಲು ಭಾಗದಷ್ಟಿರಲಿ ಎಂಬುದು ಸಾಮಾನ್ಯ ಲೆಕ್ಕ. ಜೊಂಡಿನಲ್ಲಿ ಅದಕ್ಕಿಂತ ಬಿಗಿ ಇಟ್ಟರೂ ನಡೆಯುತ್ತದೆ.

ಚಿಂಚೋಳಿ ಅಕ್ಕ:
ಬಾಳೆಮೀನು ಬರುವ ನೀರಾದರೆ ಬ್ರೇಡಿನ ತುದಿಗೆ ಒಂದು ಗೇಣು ಉಕ್ಕಿನ ತಂತಿ ಸೇರಿಸಿರಿ. ಅದರ ಬಾಯಿಯ ತುಂಬ ಸಾಲು ಸಾಲಾಗಿ ಸಣ್ಣ ಹಲ್ಲುಗಳಿದ್ದು, ಬ್ರೇಡ್ ಉಜ್ಜಿ ಉಜ್ಜಿ ಹರಿಯುತ್ತದೆ. ಕೊರಮೀನಿಗೆ ತಂತಿ ಬೇಡ.

ಅಫಜಲಪುರದ ಹೊಸಬ:
ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಗೆಳೆಯನ ರಾಡು ತಂದು ಕಪ್ಪೆ ಎಸೆದಾಗ ಮೀನು ಧಡಾರನೆ ಮೇಲೆ ಬಂದು ಬಡಿಯುತ್ತದೆ, ಆದರೆ ಜಗ್ಗಿದರೆ ಬರೀ ಕಪ್ಪೆ ಹಾರಿ ಬರುತ್ತದೆ. ಇದಕ್ಕೆ ಕಾರಣವೇನು?

ಭೀಮಾ ದಂಡೆ:
ಸದ್ದು ಕೇಳಿದ ಕೂಡಲೇ ಜಗ್ಗುತ್ತಿರುವುದೇ ಕಾರಣ. ಮೀನು ಮೊದಲು ಬಡಿಯುತ್ತದೆ, ಆಮೇಲೆ ಬಾಯೊಳಗೆ ತೆಗೆದುಕೊಂಡು ಕೆಳಗೆ ತಿರುಗುತ್ತದೆ. ಬಡಿದ ಮೇಲೆ ರಾಡಿನ ತುದಿಯನ್ನು ಮೀನಿನ ಕಡೆಗೆ ಇಳಿಸಿ, ದಾರದ ಸಡಿಲ ತೆಗೆದು, ಭಾರ ಕೈಗೆ ಬಂದಾಗ ಮಾತ್ರ ಮೇಲಕ್ಕೆ ಒಮ್ಮೆಲೆ ಜಗ್ಗಿರಿ. ಬಾಸ್ ಹಿಡಿಯುವವರೂ ಕಪ್ಪೆಯ ವಿಷಯದಲ್ಲಿ ಇದನ್ನೇ ಹೇಳುತ್ತಾರೆ. ಹೊಸ ಕಪ್ಪೆಯ ರಬ್ಬರು ಗಟ್ಟಿಯಾಗಿದ್ದರೆ ಕುದಿಯುವ ನೀರಿನಲ್ಲಿ ಅರೆಕ್ಷಣ ಅದ್ದಿ ತೆಗೆದರೆ ಮೆತ್ತಗಾಗುತ್ತದೆ. ಜೋಡಿ ಗಾಳದ ಮೊನೆಗಳು ಮೈಗೆ ತೀರಾ ಅಂಟಿಕೊಂಡಿದ್ದರೆ ಇಕ್ಕಳದಿಂದ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿರಿ.

ಹಳ್ಳದ ಹುಡುಗ:
ಇಷ್ಟೆಲ್ಲ ಏಕೆ? ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚಿ ಬಿಟ್ಟರೆ ಕೊರಮೀನು ತಪ್ಪಿಸಿಕೊಳ್ಳುವುದೇ ಇಲ್ಲ.

ಜೀವಶಾಸ್ತ್ರದ ಮಾಸ್ತರ:
ನಮ್ಮ ಹೊಲ, ಹಳ್ಳಗಳ ದೊಡ್ಡ ಗೂಳಿಕಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ, ಅದನ್ನು ಹಿಡಿಯುವುದೇ ಅಪರಾಧ. ರಬ್ಬರ್ ಕಪ್ಪೆ ಇರುವಾಗ ಆ ಪಾಪ ಏಕೆ?

ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಮಳೆಗಾಲ ಹಿಡಿದ ಮೇಲೆ ನೀರಿನ ಮೇಲ್ಭಾಗದಲ್ಲಿ ಕೆಂಪು, ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಒಟ್ಟಾಗಿ ಕದಲುವುದು ಕಂಡರೆ ಅದರ ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ. ಅಲ್ಲಿ ಕಪ್ಪೆ ಬಿದ್ದರೆ ಅವು ಹಸಿವಿಗಲ್ಲ, ಸಿಟ್ಟಿಗೆ ಬಡಿಯುತ್ತವೆ, ಸುಲಭವಾಗಿ ಸಿಕ್ಕಿಬೀಳುತ್ತವೆ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಒಂದು ಸಂಜೆಯಲ್ಲಿ ಮುಗಿಸುತ್ತವೆ. ಮೃಗಶಿರಾ ಮಳೆಯ ದಿನ ಮೀನು ತಿನ್ನಬೇಕೆಂದು ನಮ್ಮ ಗಡಿಭಾಗದಲ್ಲಿಯೂ ಕೊರಮೀನಿಗೆ ಬೇಡಿಕೆ ಏರುತ್ತದೆ, ಅದು ಅವುಗಳ ಸಂತಾನದ ಹಂಗಾಮು ಶುರುವಾಗುವ ಹೊತ್ತು ಎಂಬುದು ದುರದೃಷ್ಟ. ಮರಿಗಳ ಗುಂಪು ಕಂಡರೆ ಬೇರೆ ಕಡೆ ಎಸೆಯಿರಿ.

ರಾಯಲ್ ಗಾಳಗಾರ:
ಮಾಸ್ತರರೇ, ಇಷ್ಟು ಕಷ್ಟಪಡುವ ಬದಲು ಬಾಸ್ ಮರಿಗಳನ್ನೇ ತರಿಸಿ ಬೆಣ್ಣೆತೊರೆ ಜಲಾಶಯಕ್ಕೆ ಬಿಟ್ಟರೆ ಹೇಗೆ? ಪ್ರವಾಸೋದ್ಯಮವೂ ಬೆಳೆಯುತ್ತದೆ.

ಜೀವಶಾಸ್ತ್ರದ ಮಾಸ್ತರ:
ಆ ಯೋಚನೆಯನ್ನು ಇಲ್ಲಿಯೇ ಬಿಟ್ಟುಬಿಡಿರಿ. ಜಪಾನಿಗೆ 1925ರಲ್ಲಿ ಕ್ಯಾಲಿಫೋರ್ನಿಯಾದಿಂದ ಈ ಮೀನನ್ನು ತಂದು ಆಶಿ ಸರೋವರಕ್ಕೆ ಬಿಟ್ಟರು. ಮುಂದೆ ಅದು ದೇಶದ ತುಂಬ ಹರಡಿ ಬಿವಾ ಸರೋವರದ ಸ್ಥಳೀಯ ಮೀನುಗಳನ್ನು ತಿಂದು ಹಾಕಿತು. 2005ರಿಂದ ಅಲ್ಲಿ ಅದನ್ನು ಸಾಕುವುದು, ಜೀವಂತ ಸಾಗಿಸುವುದು, ನೀರಿಗೆ ಬಿಡುವುದು ಎಲ್ಲಕ್ಕೂ ಕಾನೂನಿನ ನಿಷೇಧವಿದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿಯೂ ಅದರ ಹೆಸರಿದೆ. ನಮ್ಮ ಜಲಾಶಯಗಳಲ್ಲಿ ರೋಹು, ಕಟ್ಲಾ, ಮೃಗಾಲ ಮರಿಗಳನ್ನು ಬಿಟ್ಟು ಬದುಕುತ್ತಿರುವ ಮೀನುಗಾರರ ಅನ್ನಕ್ಕೆ ಕಲ್ಲು ಹಾಕುವ ಪ್ರವಾಸೋದ್ಯಮ ನಮಗೆ ಬೇಡ.

ರಾಯಲ್ ಗಾಳಗಾರ:
ಆದರೆ ದಾಖಲೆಯ ಬಾಸ್ ಅದೇ ಬಿವಾ ಸರೋವರದಲ್ಲಿ ಸಿಕ್ಕಿತಲ್ಲವೇ?

ಸಗರನಾಡು ಗಾಳ:
ಸಿಕ್ಕಿತು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡು 4 ಔನ್ಸಿನ ಮೀನು ಎಪ್ಪತ್ತಕ್ಕೂ ಹೆಚ್ಚು ವರ್ಷ ಒಂಟಿ ದಾಖಲೆಯಾಗಿತ್ತು. 2009ರಲ್ಲಿ ಮನಾಬು ಕುರಿತಾ ಬಿವಾದಲ್ಲಿ ಅದನ್ನು ಸರಿಗಟ್ಟಿದರು. ಸುಮಾರು ಹತ್ತು ಕಿಲೊ. ಅಷ್ಟು ದೊಡ್ಡದಾಗಲು ಅದು ಏನೇನು ತಿಂದಿರಬೇಕು ಎಂಬುದು ಮಾಸ್ತರರ ವಾದಕ್ಕೇ ಪುರಾವೆ.

ಇನ್ವರ್ಟರ್ ಮೇಸ್ತ್ರಿ:
ದೋಣಿಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ನನ್ನ ಕಸುಬೇ ಬ್ಯಾಟರಿ.

ಮೂವರ ತೂಕ 210 ಕಿಲೊ, ದೋಣಿ 120, ಬ್ಯಾಟರಿ 30, ಸಾಮಾನು 40 ಎಂದಿಟ್ಟುಕೊಂಡರೆ ಒಟ್ಟು 400 ಕಿಲೊ ಆಗುತ್ತದೆ. ಪ್ರತಿ 45 ಕಿಲೊಗೆ 2 ಪೌಂಡು ತಳ್ಳುಬಲ ಬೇಕು ಎಂಬುದು ಈ ಮೋಟಾರುಗಳ ರೂಢಿಯ ಲೆಕ್ಕ; ಅದರಂತೆ 18 ಪೌಂಡು ಸಾಕು. ಆದರೆ ಅದು ನಿಂತ ನೀರಿನ, ಗಾಳಿಯಿಲ್ಲದ ಲೆಕ್ಕ. ಬಯಲುಗಾಳಿಗೆ ಎದುರಾಗಿ ದಂಡೆ ಸೇರಬೇಕಾದರೆ ಎರಡು ಪಟ್ಟು ಇರಲಿ, ಅಂದರೆ 40 ಪೌಂಡಿನ 12 ವೋಲ್ಟ್ ಮೋಟಾರು. ಅದು ಪೂರ್ತಿ ವೇಗದಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಆದ್ದರಿಂದ ನಿಮಗೆ ನಿಜವಾಗಿ ದಕ್ಕುವುದು 50. ಪೂರ್ತಿ ವೇಗದಲ್ಲಿ ಒಂದೂಕಾಲು ಗಂಟೆ, ಮಂದಗತಿಯಲ್ಲಿ ನಾಲ್ಕೈದು ಗಂಟೆ. ಹೋಗುವಾಗ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಬರುವಾಗ ಹುಟ್ಟೇ ಗತಿ, ಹಾಗಾಗಿ ಹುಟ್ಟನ್ನು ಎಂದಿಗೂ ಮನೆಯಲ್ಲಿ ಬಿಟ್ಟು ಹೋಗಬೇಡಿರಿ.

ಹಳೆಯ ಕಾರಿನ ಬ್ಯಾಟರಿ ತರುತ್ತೇವೆ ಎನ್ನುವವರು ಇಲ್ಲಿ ಬಂದೇ ಬರುತ್ತಾರೆ. ಕಾರಿನ ಬ್ಯಾಟರಿ ಎಂಜಿನ್ ಶುರು ಮಾಡುವಾಗ ಒಂದು ಕ್ಷಣ ಭಾರಿ ವಿದ್ಯುತ್ ಕೊಡಲು ಮಾಡಿದ್ದು; ತಾಸುಗಟ್ಟಲೆ ಬರಿದು ಮಾಡಿದರೆ ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆ ಕೆಲಸಕ್ಕೆ ತಕ್ಕದ್ದು, ಆದರೆ ದೋಣಿ ವಾಲಿದರೆ ಆಮ್ಲ ಚೆಲ್ಲುತ್ತದೆ, ಹಾಗಾಗಿ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೊದ ಆಸುಪಾಸು ತೂಗುತ್ತದೆ, ನೂರರಲ್ಲಿ ಎಂಬತ್ತು ಭಾಗ ಬಳಸಬಹುದು, ಬೆಲೆ ಮಾತ್ರ ನೋವು ಕೊಡುತ್ತದೆ. ಯಾವುದೇ ಇರಲಿ, ಬ್ಯಾಟರಿಯ ಪಕ್ಕದಲ್ಲೇ 50 ಅಥವಾ 60 ಆಂಪಿಯರಿನ ಬ್ರೇಕರ್ ಹಾಕಿರಿ. ಅಂತರಗಂಗೆ ಗಿಡ ಪಂಖಕ್ಕೆ ಸುತ್ತಿಕೊಂಡಾಗ ಮೋಟಾರು ಎಳೆಯುವ ವಿದ್ಯುತ್ತು ಒಮ್ಮೆಲೇ ಏರುತ್ತದೆ, ಆಗ ಬ್ರೇಕರ್ ಇಲ್ಲದಿದ್ದರೆ ತಂತಿ ಸುಡುತ್ತದೆ.

ಸೋನಾರ್ ಬಗ್ಗೆ ಒಂದೇ ಲೆಕ್ಕ. 200 ಕಿಲೋಹರ್ಟ್ಸ್‌ನ ಸಾಮಾನ್ಯ ಸಂವೇದಕದ ಶಬ್ದದ ಕೋನ 20 ಡಿಗ್ರಿ. ಅದು ತಳದಲ್ಲಿ ಆಳದ ಮೂರನೆಯ ಒಂದು ಭಾಗದಷ್ಟು ಅಗಲವನ್ನು ಮಾತ್ರ ನೋಡುತ್ತದೆ. ಒಂದೂವರೆ ಮೀಟರ್ ನೀರಿನಲ್ಲಿ ಅದು ಅರ್ಧ ಮೀಟರ್. ಅಷ್ಟನ್ನು ನೋಡಲು ಯಂತ್ರವೇಕೆ?

ಅಫಜಲಪುರದ ಹೊಸಬ:
ಮೇಸ್ತ್ರಿ ಸರ್, ಈ ಲೆಕ್ಕ ಗೆಳೆಯರಿಗೆ ತೋರಿಸಿದೆ. ಸೋನಾರ್ ಪಟ್ಟಿಯಿಂದ ಹೊರಬಿತ್ತು.

ಹುಣಸಗಿ ಹರಿಗೋಲು:
ಮೊದಲ ವರ್ಷವೇ ದೋಣಿ, ಮೋಟಾರು ಎನ್ನುವುದು ಎತ್ತಿಗಿಂತ ನೊಗವೇ ಭಾರವಾದಂತೆ. ನಮ್ಮ ಕೃಷ್ಣೆಯ ದಂಡೆಯ ಮೀನುಗಾರರು ಹರಿಗೋಲಿನಲ್ಲೇ ಜೀವನ ಮಾಡುತ್ತಾರೆ. ಅದಕ್ಕೆ ಅಡಿಹಲಗೆ ಇಲ್ಲ, ಒಂದು ಗೇಣು ನೀರಿನಲ್ಲೂ ತೇಲುತ್ತದೆ, ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದು. ಆದರೆ ಹರಿಗೋಲಿನಲ್ಲಿ ನಿಂತು ರಾಡು ಬೀಸುವಂತಿಲ್ಲ, ಕುಳಿತೇ ಎಸೆಯಬೇಕು. ಅದು ಗುಂಡಗಿರುವುದರಿಂದ ಬೀಸಿದ ರಭಸಕ್ಕೆ ತಿರುಗುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಲಂಗರು ಹಾಕಿಕೊಂಡರೆ ನಿಲ್ಲುತ್ತದೆ.

ಅದಕ್ಕಿಂತ ಮುಖ್ಯವಾದುದು ನೀರು. ಭೀಮೆಗೆ ಮಹಾರಾಷ್ಟ್ರದ ಉಜನಿಯಿಂದ, ಇಲ್ಲಿ ಕೃಷ್ಣೆಗೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ, ನಿಮ್ಮ ಊರಿನಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತದ ಪ್ರಕಟಣೆ ನೋಡದೆ ನಡುಗಡ್ಡೆಗೆ ಹೋಗಬೇಡಿರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಸೊಂಟದುದ್ದ ನೀರಿನಲ್ಲಿ ನಿಂತು ಗಾಳ ಹಾಕುವ ವಿಡಿಯೊದ ಚಪಲ ಇಲ್ಲಿ ನಡೆಯುವುದಿಲ್ಲ. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಕಾಲ ಬಳಿ ನೀರಿನಲ್ಲಿ ಬಿಟ್ಟುಕೊಳ್ಳುವುದಂತೂ ಮೊಸಳೆಯನ್ನು ಕರೆದಂತೆಯೇ.

ಚಿಂಚೋಳಿ ಅಕ್ಕ:
ಲೈಫ್ ಜಾಕೆಟ್ ಮಾತನ್ನು ಎಲ್ಲರೂ ಮರೆತಿದ್ದೀರಿ. 50 ನ್ಯೂಟನ್ನಿನದು ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರು 100 ನ್ಯೂಟನ್ನಿನದನ್ನೇ ಕೊಳ್ಳಬೇಕು, ಅದು ಶಾಂತ ನೀರಿನಲ್ಲಿ ಮುಖವನ್ನು ಮೇಲಕ್ಕೆ ತಿರುಗಿಸುತ್ತದೆ. ಇನ್ನೊಂದು ಮಾತು, ಕಾರ್ಬನ್ ಗ್ರಾಫೈಟಿನ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಹಿನ್ನೀರಿನ ದಂಡೆಯ ಮೇಲೆ ಪಂಪ್‌ಸೆಟ್ಟಿನ ತಂತಿಗಳು ಜೋತು ಬಿದ್ದಿರುವ ಜಾಗ ನಮ್ಮಲ್ಲಿ ಎಷ್ಟಿಲ್ಲ? ಎಸೆಯುವ ಮೊದಲು ತಲೆಯೆತ್ತಿ ನೋಡಿರಿ, ಗುಡುಗು ಕೇಳಿದರೆ ರಾಡು ಕೆಳಗಿಟ್ಟು ದೂರ ಸರಿಯಿರಿ.

ಕಾರಂಜಾ ಕಾಕಾ:
ಅಕ್ಕನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಬ್ಯಾಟರಿಯವರ ಮಾತಿಗೂ ಒಪ್ಪಿಗೆ. ರೀಲಿನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ.

ತೊಗರಿ ಕಣಜ:
ಬದಲಾಗುತ್ತದೆ ಎಂದು ಯಾರೂ ಕಾಯುತ್ತಿರಲಿಲ್ಲ, ಕಾಕಾ.

ಭೀಮಾ ದಂಡೆ:
ಅನುಮತಿಯ ವಿಷಯವನ್ನೂ ಸ್ಪಷ್ಟಪಡಿಸುತ್ತೇನೆ. ಕೆರೆ, ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ, ಅಥವಾ ಪರವಾನಗಿ ಬೇಕಾಗುತ್ತದೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಯಾವ ನೀರು ಯಾರದು ಎಂದು ಕೇಳಿಕೊಂಡು, ಸಂಘದವರಿಗೆ ಹೇಳಿ ಹೋಗಿರಿ. ಮರಿ ಬಿಟ್ಟು ಸಾಕಿದವರು ಅವರು. ಕೇಳದೆ ಹೋದರೆ ಅವರಿಗೆ ಸಿಟ್ಟು ಬರುವುದು ನ್ಯಾಯ. ಸುರಪುರದ ಕಡೆಯವರು ಬೋನಾಳ ಪಕ್ಷಿಧಾಮದ ಕೆರೆಗೆ ಗಾಳ ಒಯ್ಯಬೇಡಿರಿ. ಮೋಟಾರು ಹಾಕುವುದಾದರೆ 2021ರ ಒಳನಾಡು ನೌಕೆಗಳ ಕಾಯ್ದೆಯ ನೋಂದಣಿಯ ಬಗ್ಗೆಯೂ ವಿಚಾರಿಸಿರಿ.

ಹಳ್ಳದ ಹುಡುಗ:
ಮೋಡ ಕವಿದ ದಿನ, ಕದಡಿದ ನೀರಿಗೆ ಯಾವ ಬಣ್ಣದ ಕಪ್ಪೆ ಒಳ್ಳೆಯದು? ಜೀವಂತ ಕಪ್ಪೆ ಬಿಟ್ಟಿದ್ದೇನೆ, ಮಾಸ್ತರರೇ.

ಸಗರನಾಡು ಗಾಳ:
ಕಪ್ಪು. ಕೆಳಗಿನಿಂದ ಆಕಾಶದ ಬೆಳಕಿಗೆ ಎದುರಾಗಿ ನೋಡುವ ಮೀನಿಗೆ ಬಣ್ಣಕ್ಕಿಂತ ಆಕಾರದ ಅಂಚು ಮುಖ್ಯ, ಮತ್ತು ಅದು ಕಪ್ಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲದ ಎರೆಮಣ್ಣಿನ ನೀರಿನಲ್ಲಿ ಹೊಟ್ಟೆಯೊಳಗೆ ಗುಂಡು ಹಾಕಿ ಗಲಗಲ ಎನ್ನುವ ಕಪ್ಪೆ ಎಸೆಯಿರಿ, ನಿಧಾನವಾಗಿ ಎಳೆಯಿರಿ.

ಅಫಜಲಪುರದ ಹೊಸಬ:
ನಮ್ಮ ತೀರ್ಮಾನ ಹೀಗಿದೆ. ದೋಣಿ ಮತ್ತು ಮೋಟಾರು ಈ ವರ್ಷ ಬೇಡ, ದಂಡೆಯಿಂದಲೇ ಹಿಡಿಯುತ್ತೇವೆ. ಏಳು ಅಡಿಯ ಮೀಡಿಯಂ ಹೆವಿ ಸ್ಪಿನ್ನಿಂಗ್ ರಾಡು, 4000ದ ರೀಲು, 30 ಪೌಂಡಿನ ಬ್ರೇಡ್, ಎರಡು ಕಪ್ಪು ಕಪ್ಪೆ, ಒಂದು ಸ್ಪಿನ್ನರ್‌ಬೈಟ್, ಉದ್ದ ಮೂತಿಯ ಇಕ್ಕಳ. ಕಾಕಾ ಅವರು ಕ್ಷಮಿಸಬೇಕು. ಉಳಿದ ಹಣದಲ್ಲಿ ಮೂರು ಲೈಫ್ ಜಾಕೆಟ್ ಕೊಳ್ಳುತ್ತಿದ್ದೇವೆ, ಮುಂದೆ ಹರಿಗೋಲು ಹತ್ತುವ ಕಾಲಕ್ಕೆ ಬೇಕಾಗುತ್ತದೆ.

ಕಾರಂಜಾ ಕಾಕಾ:
ಕ್ಷಮಿಸಿದ್ದೇನೆ. ಆದರೆ ಬ್ರೇಡನ್ನು ಬರಿಯ ಸ್ಪೂಲಿಗೆ ನೇರವಾಗಿ ಸುತ್ತಬೇಡಿರಿ, ನುಣುಪಾದ ಲೋಹದ ಮೇಲೆ ಇಡೀ ದಾರವೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ನೀವು ಅಂಗಡಿಯವನ ಜೊತೆ ಜಗಳ ಆಡುತ್ತೀರಿ. ಮೊದಲು ಹತ್ತಿಪ್ಪತ್ತು ಸುತ್ತು ತಂಗೂಸು ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿದು ತುಂಬಿರಿ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಕಡಿಮೆ ಇರುವಾಗ ನಿಲ್ಲಿಸಿರಿ.

ಅಫಜಲಪುರದ ಹೊಸಬ:
ಬಿದಿರಿನ ಕೋಲಿನ ಹಳೆಯ ತಂಗೂಸು ಉಳಿದಿದೆ, ಅದನ್ನೇ ಸುತ್ತಬಹುದೇ?

ಕಾರಂಜಾ ಕಾಕಾ:
ಬಿಸಿಲಿಗೆ ಒರಟಾಗಿರದಿದ್ದರೆ ಸುತ್ತಬಹುದು.